ಇಕ್ಕೇರಿಯ ಸಂಕೋಲೆಯ ಶಿಲ್ಪ

ಸಾಗರದ ಸಮೀಪದ ಇಕ್ಕೇರಿಯು ಒಂದು ಕಾಲಕ್ಕೆ ಕೆಳದಿಯ ಅರಸರ ರಾಜಧಾನಿ. ಅಲ್ಲಿನ ಅಘೋರೇಶ್ವರ ದೇವಾಲಯದ ನೆಲಗಲ್ಲಿನ ಮೇಲೆ ದೇವರಿಗೆ ಅಡ್ಡಬಿದ್ದ ಮೂವರು ನಾಯಕರ ಆಕೃತಿಗಳಿವೆ. ಒಂದೊಂದರ ಮೇಲೂ ಹೆಸರು ಕೊರೆಯಲ್ಪಟ್ಟಿದೆ. ಅವುಗಳಲ್ಲಿ ಒಂದರ ಕೈಕಾಲುಗಳಿಗೆ ಸಂಕೋಲೆ. ಬಿ. ಎಲ್. ರೈಸರ ಮೈಸೂರು ಗ್ಯಾಸೆಟಿಯರ್ ಇದನ್ನು ‘ಹುಚ್ಚ ಸೋಮಶೇಖರ’ನದೆಂದು ಗುರುತಿಸಿದೆ. ವೀರಗಲ್ಲು, ಮಾಸ್ತಿಕಲ್ಲುಗಳ ಈ ಸೀಮೆಯಲ್ಲಿ ಇಂತಹ ಸ್ಮಾರಕಶಿಲೆ ಅಪೂರ್ವವೇ ಸರಿ.

ಈ ಗುರುತಿನೊಡನೆ ಬೆಸೆದುಕೊಂಡಿರುವ ಕಥೆ ಸುಪ್ರಸಿದ್ಧ. 1664ರಲ್ಲಿ ಪಟ್ಟವೇರಿದ ಮೊದಲನೆಯ ಸೋಮಶೇಖರ ನಾಯಕನು ಕಲಾವತಿಯೆಂಬ ನರ್ತಕಿಯ ಮೋಹಕ್ಕೆ ಸಿಲುಕಿ, ಬುದ್ಧಿಭ್ರಮಣೆಗೊಳಗಾಗಿ, 1671ರಲ್ಲಿ ಹತನಾದನು. ರಾಜ್ಯಭಾರ ರಾಣಿ ಚೆನ್ನಮ್ಮಾಜಿಯ ಹೆಗಲಿಗೆ ಬಿದ್ದಿತು. ಕೆಳದಿಯ ಚರಿತ್ರೆಯನ್ನು ಚಂಪೂರೂಪದಲ್ಲಿ ಬರೆದ ಲಿಂಗಣ್ಣ ಕವಿಯೂ ‘ಕೆಳದಿನೃಪವಿಜಯ’ದಲ್ಲಿ ಈ ಪತನವನ್ನು ಮರೆಮಾಚಿಲ್ಲ. ವಂಶವನ್ನು ಕೊಂಡಾಡುವ ಕಾವ್ಯವೇ ಒಪ್ಪಿಕೊಂಡ ದೋಷಕ್ಕೆ ಸಾಕ್ಷ್ಯದ ಬೆಲೆ ಹೆಚ್ಚು.

ಇಲ್ಲಿ ಭಕ್ತರ ಮನಸ್ಸು ಇನ್ನೊಂದು ಅರ್ಥದತ್ತ ಹರಿಯುವುದು ಸಹಜ. ನಮ್ಮ ಪರಂಪರೆಯಲ್ಲಿ ಹುಚ್ಚೆಂಬುದು ನಿಂದೆಯ ಮಾತಷ್ಟೇ ಅಲ್ಲ. ಕಲ್ಯಾಣದ ಜನರು ಗುರುತಿಸದ ಮರುಳಶಂಕರದೇವರನ್ನು ಪ್ರಭುದೇವರು ಗುರುತಿಸಿದ ಪ್ರಸಂಗ ಶೂನ್ಯಸಂಪಾದನೆಯ ವಾಚಕರಿಗೆಲ್ಲ ತಿಳಿದದ್ದೇ. ಹಾಗಾದರೆ ಈ ಸಂಕೋಲೆಯೂ ಭಕ್ತಿಪಾಶವಾಗಬಾರದೇಕೆ?

ಆಗಲಾರದು. ಮರುಳಶಂಕರರದು ಅರಿವನ್ನು ಮರೆಯಿಸಿದ ಮರುಳು. ಸೋಮಶೇಖರನದು ಅರಿವನ್ನೇ ಕಳೆದ ವ್ಯಾಧಿ. ಎರಡನ್ನೂ ಒಂದೇ ಮಾಡಿದರೆ ಶರಣರ ಮಾತು ಹಗುರವಾಗುತ್ತದೆ. ಅಷ್ಟೇ ಅಲ್ಲ, ಕೆಟ್ಟ ಮನೆಯನ್ನೂ ಕುಸಿಯುತ್ತಿದ್ದ ರಾಜ್ಯವನ್ನೂ ಎತ್ತಿ ನಿಲ್ಲಿಸಿದ, ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯ ಕಷ್ಟವೂ ಮರೆಯಾಗುತ್ತದೆ.

ಆದರೆ ಹುಚ್ಚನೆಂದು ನಕ್ಕು ಮುಂದೆ ಸಾಗುವುದೂ ಶಿಲ್ಪಕ್ಕೆ ಬಗೆದ ಅನ್ಯಾಯವೇ. ರೈಸರ ಗುರುತನ್ನು ಒಪ್ಪುವುದಾದರೆ ಒಂದು ಸಂಗತಿ ಗಮನಾರ್ಹ: ಸೋಮಶೇಖರನ ಕಾಲಕ್ಕೆ ರಾಜಧಾನಿ ಇಕ್ಕೇರಿಯಿಂದ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಹೋಗಿತ್ತು. ಆದರೂ ಅವನ ಆಕೃತಿಗೆ ಹಳೆಯ ರಾಜಧಾನಿಯ ದೇವಾಲಯದಲ್ಲಿ ಎಡೆ ದೊರೆಯಿತು. ಶಿಲ್ಪಿ ಅವನ ಸಂಕೋಲೆಯನ್ನು ಬಿಡಲಿಲ್ಲ. ಅವನನ್ನು ಸೆರೆಮನೆಯಲ್ಲಿಯೂ ಕೂರಿಸಲಿಲ್ಲ. ಉಳಿದಿಬ್ಬರಂತೆ ಅವನೂ ಅದೇ ನೆಲದ ಮೇಲೆ, ಅದೇ ಭಂಗಿಯಲ್ಲಿ, ಅದೇ ದೇವರಿಗೆ ಮಣಿದಿದ್ದಾನೆ.

ಐತಿಹ್ಯವು ಅರಸನ ಅವನತಿಯನ್ನು ಹೇಳುತ್ತದೆ. ಅವನತಿಗಿಳಿದವನಿಗೂ ಶಿವಸನ್ನಿಧಿಯಲ್ಲಿ ತಾಣವುಂಟೆಂಬುದನ್ನು ಕಲ್ಲು ಹೇಳುತ್ತದೆ. ದೋಷವನ್ನು ಅಳಿಸದೆ ದಯೆಯನ್ನು ತೋರಿದ ಈ ಶಿಲ್ಪವನ್ನು ಓದುವಾಗ ನಾವೂ ಸತ್ಯವನ್ನು ಮರೆಯಬಾರದು, ಕರುಣೆಯನ್ನೂ ತೊರೆಯಬಾರದು.