ಸೆರಗು ಊರಿನದು, ಒಡಲು ನಮ್ಮದು

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಹೆಣ್ಣುಮಕ್ಕಳ ಗುಂಪನ್ನು ಹಿಂದಿನಿಂದ ನೋಡಿದರೆ ಹೆಗಲ ತುಂಬ ಒಂದೇ ಸೆರಗು. ಕೆಂಪು ರೇಷ್ಮೆ, ನಡುನಡುವೆ ಬಿಳಿಯ ಪಟ್ಟಿ, ಪಟ್ಟಿಯ ಅಂಚಿನಲ್ಲಿ ಹಲ್ಲು ಹಲ್ಲಾಗಿ ಎದ್ದ ತೆನೆಗಳು. ಯಾರ ತಾಯಿ ಯಾರು, ಯಾರ ಅತ್ತೆ ಯಾರು ಎಂದು ಗುರುತು ಹಿಡಿಯಲಾಗದೆ ಮಕ್ಕಳು ತಪ್ಪು ಸೆರಗು ಹಿಡಿದು ಎಳೆಯುವಷ್ಟು ಸಾಮ್ಯ. ಅದೇ ಸೀರೆ ಉಟ್ಟು ಬೆಂಗಳೂರಿನಲ್ಲಿ ಬೆಳಗಿನ ಮೆಟ್ರೊ ಹತ್ತಿ ನೋಡಿ. ಎದುರು ಸಾಲಿನವರು ಮೊಬೈಲಿನಿಂದ ತಲೆಯೆತ್ತುತ್ತಾರೆ, ಪಕ್ಕದವರು "ಇದು ಇಳಕಲ್ಲಾ?" ಎಂದು ಕೇಳಿಯೇ ಬಿಡುತ್ತಾರೆ. ಬದಲಾದದ್ದು ಸುತ್ತಲಿನ ಜನ ಮಾತ್ರ, ಸೀರೆಯಲ್ಲಿ ಒಂದು ಎಳೆಯೂ ಬದಲಾಗಿಲ್ಲ.

ಎದ್ದು ಕಾಣುವಂತೆ ಉಡಬೇಕೆ, ನಾಲ್ಕು ಜನರ ಹಾಗೆ ಉಡಬೇಕೆ ಎಂಬ ಪ್ರಶ್ನೆ ಕನ್ನಡಿಯ ಮುಂದೆ ನಿಂತ ಎಲ್ಲರಿಗೂ ಬರುತ್ತದೆ. ಬಣ್ಣ ಜೋರಾದರೆ ಜನ ನೋಡುತ್ತಾರೆ, ಮಂದವಾದರೆ ನೋಡುವುದಿಲ್ಲ ಎಂಬುದು ಸಿದ್ಧ ಉತ್ತರ. ನನಗೆ ಅದು ಒಪ್ಪಿಗೆಯಿಲ್ಲ. ಇಷ್ಟು ಕೆಂಪಾದ ಸೆರಗು ತನ್ನ ಊರಿನಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ ಎಂದಮೇಲೆ ವಿಷಯ ಬಣ್ಣದ್ದಲ್ಲ. ಉಡುಪಿನಲ್ಲಿ ಯಾವ ಭಾಗವನ್ನು ಎಲ್ಲರೊಂದಿಗೆ ಹಂಚಿಕೊಳ್ಳುತ್ತೇವೆ, ಯಾವ ಭಾಗವನ್ನು ನಮ್ಮ ಇಷ್ಟಕ್ಕೆ ಇಟ್ಟುಕೊಳ್ಳುತ್ತೇವೆ ಎಂಬುದರಲ್ಲಿ ಶೈಲಿ ಇದೆ. ಇದನ್ನು ಇಳಕಲ್ಲಿನ ನೇಕಾರರು ಮಗ್ಗದಲ್ಲೇ ತೀರ್ಮಾನಿಸಿಬಿಟ್ಟಿದ್ದಾರೆ. ಹೇಗೆಂಬುದು ತಿಳಿಯಬೇಕಾದರೆ ಆ ಸೀರೆ ಹುಟ್ಟುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಸಾಮಾನ್ಯವಾಗಿ ಮಗ್ಗಕ್ಕೆ ಉದ್ದನೆಯ ಹಾಸು ಏರಿಸಿ, ಅದೇ ಹಾಸಿನ ಮೇಲೆ ಸೀರೆಯ ಮೇಲೆ ಸೀರೆ ನೇಯುತ್ತ ಹೋಗುತ್ತಾರೆ. ಸಾಂಪ್ರದಾಯಿಕ ಇಳಕಲ್ ಸೀರೆಗೆ ಅದು ಸಾಧ್ಯವಿಲ್ಲ. ಅಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನದು ಹೆಚ್ಚಾಗಿ ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಎರಡನ್ನೂ ಕುಣಿಮಗ್ಗದಲ್ಲಿ ಎದುರುಬದುರಾಗಿ ತಂದು, ಒಡಲಿನ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಸೀರೆಯ ಅಗಲದಲ್ಲಿರುವ ಸಾವಿರಾರು ಎಳೆಗಳಿಗೂ ಇದೇ ಕೆಲಸ. ಮನೆಯ ಹೆಂಗಸರು ಕುಳಿತು ಮಾಡುವ, ಕಣ್ಣು ಬೆರಳು ಎರಡನ್ನೂ ಬೇಡುವ ಕೆಲಸ ಇದು. ಹೀಗಾಗಿ ಒಂದು ಸೀರೆಗೆ ಒಂದು ಹಾಸು. ಅದು ಮುಗಿದರೆ ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ.

ಇಷ್ಟು ಶ್ರಮ ಯಾಕೆ? ಒಂದೇ ಹಾಸಿದ್ದರೆ ಒಡಲಿನ ಬಣ್ಣದ ಎಳೆಗಳು ಸೆರಗಿನೊಳಗೂ ಹರಿಯುತ್ತವೆ. ಹಸಿರು ಒಡಲಿನ ಸೀರೆಯ ಸೆರಗಿಗೆ ಎಷ್ಟೇ ಕೆಂಪು ಹೊಕ್ಕು ಹೊಡೆದರೂ ಅದು ಕಂದಿದ ಕೆಂಪಾಗುತ್ತದೆ. ಹಾಸೂ ಕೆಂಪು, ಹೊಕ್ಕೂ ಕೆಂಪು ಆದಾಗ ಮಾತ್ರ ಬಿಸಿಲಿನಲ್ಲಿ ಆ ತುಂಬು ಬಣ್ಣ ಬರುತ್ತದೆ. ಸೆರಗು ಎಲ್ಲರದೂ ಒಂದೇ ಕೆಂಪಾಗಿರಬೇಕು, ಒಡಲು ಮಾತ್ರ ಉಡುವವಳ ಇಷ್ಟದ್ದಾಗಿರಬೇಕು ಎಂಬ ಎರಡೂ ಬೇಡಿಕೆಗಳನ್ನು ಒಟ್ಟಿಗೆ ಪೂರೈಸಲು ಕೊಂಡಿಯಂಥ ದಾರಿ ಇನ್ನೊಂದಿಲ್ಲ. ಸಮುದಾಯದ ಗುರುತು ಮತ್ತು ಒಬ್ಬಳ ಆಯ್ಕೆ ಒಂದೇ ಬಟ್ಟೆಯಲ್ಲಿ ಹೊಲಿಗೆಯಿಲ್ಲದೆ ಕೂಡುವ ಇಂಥ ಉಡುಪು ನಮ್ಮ ನಾಡಿನಲ್ಲಿದೆ ಎಂಬುದೇ ನನಗೆ ಹೆಮ್ಮೆಯ ಸಂಗತಿ.

ಇನ್ನು ಆಯ್ಕೆಯ ಕಡೆಗೆ ಬನ್ನಿ. ಟೋಪ ತೆನಿ ಎಂದು ಕರೆಯುವ ಆ ತೆನೆಗಳ ಸೆರಗಿನ ವಿನ್ಯಾಸ ಮುಟ್ಟುವಂತಿಲ್ಲ. ಒಡಲಿಗೆ ದಾಳಿಂಬೆ ಕೆಂಪು, ನವಿಲಿನ ಬಣ್ಣ, ಗಿಳಿ ಹಸಿರು, ಗಿರಿಕುಂಕುಮ, ಕಪ್ಪಿನ ಚಂದ್ರಕಾಳಿ ಹೀಗೆ ಹಲವು ದಾರಿ. ಅದರಲ್ಲೂ ಗೆರೆ ಬೇಕೋ, ಚೌಕುಳಿ ಬೇಕೋ, ಬರೀ ಮೈ ಸಾಕೋ. ಚೌಕುಳಿಯಾದರೆ ಸಣ್ಣದೋ ದೊಡ್ಡದೋ. ಆಮೇಲೆ ದಡಿ. ಅಂಗಡಿಯ ಗಾದಿಯ ಮೇಲೆ ಕೂತು "ಆ ದಡಿ ಬ್ಯಾಡ್ರಿ, ಗೋಮಿ ತೋರಸ್ರಿ" ಎಂದು ಹೇಳುವ ಹೆಣ್ಣುಮಗಳಿಗೆ ತನಗೇನು ಬೇಕೆಂಬುದು ಚೆನ್ನಾಗಿ ಗೊತ್ತು. ಗೋಮಿ, ಗಾಡಿ, ಚಿಕ್ಕಿಪರಾಸ ಹೀಗೆ ದಡಿಗಳಿಗೆ ಹೆಸರುಗಳಿವೆ, ಆ ಹೆಸರಿನಿಂದಲೇ ಬೇಡಿಕೆ. ಅಗಲವಾದ ದಡಿ ಎತ್ತರದ ಮೈಕಟ್ಟಿಗೆ ಒಪ್ಪುತ್ತದೆ, ಗಿಡ್ಡ ಮೈಕಟ್ಟಿಗೆ ಸಣ್ಣ ದಡಿ ಚೆಂದ ಎಂದು ಅಲ್ಲಿ ಹಿರಿಯರು ಹೇಳುವ ಮಾತು ಯಾವ ಫ್ಯಾಷನ್ ಪತ್ರಿಕೆಯ ಸಲಹೆಗೂ ಕಡಿಮೆಯದಲ್ಲ.

ಇದಕ್ಕೆ ಜೊತೆಯಾಗುವುದು ಗುಳೇದಗುಡ್ಡದ ಖಣ. ರವಿಕೆಗೆಂದೇ ನೇಯುವ ಈ ಬಟ್ಟೆಯ ಮೈತುಂಬ ಪುಟ್ಟ ಪುಟ್ಟ ಚಿತ್ತಾರ, ಬದಿಗೆ ದಡಿ. ಒಳ್ಳೆಯ ದರ್ಜಿ ಆ ದಡಿ ತೋಳಿನ ಅಂಚಿಗೆ ಸರಿಯಾಗಿ ಬರುವಂತೆ ಕತ್ತರಿಸುತ್ತಾನೆ. ಸೀರೆಯ ಬಣ್ಣಕ್ಕೆ ಹೊಂದುವ ಖಣ ಆರಿಸುವುದು ಸುಲಭ. ರುಚಿಯಿರುವವರು ಎದುರು ಬಣ್ಣ ಆರಿಸುತ್ತಾರೆ: ಚಂದ್ರಕಾಳಿಗೆ ಅರಿಸಿನ ಖಣ, ಗಿಳಿ ಹಸಿರಿಗೆ ನೇರಳೆ. ಜಾತ್ರೆಯ ಗುಂಪಿನಲ್ಲಿ ಎರಡು ಮಾರು ದೂರದಿಂದ ಎಲ್ಲರೂ ಒಂದೇ, ಹತ್ತಿರ ಹೋದರೆ ಯಾರೂ ಇನ್ನೊಬ್ಬರಂತಿಲ್ಲ.

ಇನ್ನೂ ಹತ್ತಿರ ಹೋಗಬೇಕಾದದ್ದು ಕಸೂತಿಗೆ. ಧಾರವಾಡ, ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳು ತಮ್ಮ ಮದುವೆಯ ಚಂದ್ರಕಾಳಿಯ ಮೇಲೆ ತಾವೇ ಕಸೂತಿ ಹಾಕುತ್ತಿದ್ದರು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತ ಎಣಿಸುತ್ತ ಗೋಪುರ, ತುಳಸಿಕಟ್ಟೆ, ತೇರು, ಆನೆ, ಗಿಳಿಗಳನ್ನು ಮೂಡಿಸುವ ವಿದ್ಯೆ ಅದು. ಸೆರಗಿನ ಬಳಿ ದೊಡ್ಡ ಚಿತ್ರಗಳು, ಒಡಲಿನೊಳಗೆ ಸರಿಯುತ್ತ ಹೋದಂತೆ ಸಣ್ಣವು. ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ನನಗೆ ಗಾವಂತಿಯ ಮೇಲೆ ಎಲ್ಲಿಲ್ಲದ ಮೋಹ. ಗಂಟು ಹಾಕುವಂತಿಲ್ಲ. ಹೋದ ದಾರಿಯಲ್ಲೇ ಸೂಜಿ ತಿರುಗಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಕೆಲಸ ಮುಗಿದಾಗ ಬಟ್ಟೆಯ ಮುಂದೂ ಹಿಂದೂ ಒಂದೇ ಚಿತ್ರ. ನೋಡುವವರಿಗೆ ಒಂದು ಮುಖ, ಉಡುವವಳ ಮೈಗೆ ತಾಗುವ ಇನ್ನೊಂದು ಮುಖ ಎಂಬ ಭೇದವೇ ಅಲ್ಲಿಲ್ಲ. ಯಾರ ಗಮನಕ್ಕೂ ಬಾರದ ಕಡೆಗೆ ಇಷ್ಟು ಶ್ರದ್ಧೆ ಇಟ್ಟ ಆ ಹುಡುಗಿಯರು ಉಡುಪನ್ನು ಮೊದಲು ತಮಗಾಗಿಯೇ ಸಿದ್ಧಪಡಿಸಿಕೊಳ್ಳುತ್ತಿದ್ದರು ಎಂದು ನಾನು ನಂಬುತ್ತೇನೆ.

ಆದರೆ ಒಂದು ಮಾತನ್ನು ಬಿಟ್ಟರೆ ಈ ಬರಹ ಅರ್ಧ ಸತ್ಯವಾಗುತ್ತದೆ. ಗುಂಪಿನಲ್ಲಿ ಬೆರೆಯುವುದು ಎಲ್ಲರಿಗೂ ಸಿಕ್ಕ ಸವಲತ್ತಾಗಿರಲಿಲ್ಲ. ಯಾರು ಯಾವ ಬಟ್ಟೆ ಉಡಬೇಕು, ಸೀರೆ ಎಲ್ಲಿಯವರೆಗೆ ಇಳಿಯಬೇಕು, ಯಾವ ಲೋಹದ ಒಡವೆ ಹಾಕಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ದೂರದಿಂದಲೇ ಗುರುತಾಗಲಿ ಎಂಬುದೇ ಆ ಕಟ್ಟಳೆಯ ಉದ್ದೇಶ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಸೇರಿದ್ದ ದಲಿತ ಹೆಣ್ಣುಮಕ್ಕಳಿಗೆ ಅಂಬೇಡ್ಕರ್ ಹೇಳಿದ್ದು ಇದನ್ನೇ ಕುರಿತು. ಅಸ್ಪೃಶ್ಯತೆಯ ಗುರುತಾಗಿರುವ ಉಡುವ ಕ್ರಮವನ್ನೂ ಒಡವೆಯನ್ನೂ ಬಿಡಿ, ಮೇಲ್ಜಾತಿಯ ಹೆಂಗಸರು ಉಡುವ ಹಾಗೆ ಪಾದದವರೆಗೆ ಸೀರೆ ಉಡಿ ಎಂದರು. ಅಲ್ಲಿದ್ದ ಮಹಿಳೆಯರು ಹಾಗೆಯೇ ಉಟ್ಟು ಹೊರಟರು. ಅವರಿಗೆ ಎಲ್ಲರಂತೆ ಕಾಣುವುದೇ ದೊಡ್ಡ ಗೆಲುವು. ಅದೇ ಅಂಬೇಡ್ಕರ್ ತಾವು ಸೂಟು ತೊಟ್ಟು ಎದ್ದು ಕಂಡರು. ಕಣ್ಣಿಗೆ ಬೀಳಬಾರದೆಂದು ಸಮಾಜ ದೂರವಿಟ್ಟವರ ಮಗ ಮಡಿಕೆ ಕೆಡದ ಕೋಟು, ಬಿಗಿದ ಟೈನಲ್ಲಿ ಸಭೆಯ ನಡುವೆ ನಿಲ್ಲುವುದರ ಅರ್ಥ ನೋಡಿದವರೆಲ್ಲರಿಗೂ ಆಯಿತು. ಇವತ್ತು ನಮ್ಮ ಊರೂರಿನ ಪ್ರತಿಮೆಗಳಲ್ಲಿ ಉಳಿದಿರುವುದೂ ಆ ನೀಲಿ ಸೂಟೇ.

ಗಾಂಧಿಯವರದು ಇದರ ಎದುರು ದಾರಿ. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅವರು ಅಂಗಿ, ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. ಬಡ ರೈತನಂತೆ ಕಾಣಬೇಕೆಂಬುದು ಉದ್ದೇಶ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದಾಗಲೂ ಅದೇ ಉಡುಪು. 1931ರಲ್ಲಿ ಲಂಡನ್ನಿನ ಅರಮನೆಗೆ ಹೋಗಿ ಐದನೆಯ ಜಾರ್ಜ್ ದೊರೆಯನ್ನು ಕಂಡಾಗಲೂ ಪಂಚೆ, ಮೇಲೊಂದು ಶಾಲು. ಹೊಲದಲ್ಲಿ ಬೆರೆಯಲೆಂದು ಆರಿಸಿದ ಬಟ್ಟೆ ಅರಮನೆಯಲ್ಲಿ ಇಡೀ ಜಗತ್ತಿನ ಕಣ್ಣು ಸೆಳೆಯಿತು. ನಿಂತ ಜಾಗ ಬದಲಾದರೂ ತಾವು ಯಾರ ಕಡೆಯವರು ಎಂಬುದನ್ನು ಬದಲಿಸದೆ ಉಟ್ಟದ್ದರಿಂದ ಆ ಬಟ್ಟೆಗೆ ಆ ತೂಕ ಬಂತು.

ನಮ್ಮ ಗಂಡಸರ ಉಡುಪಿನ ಬಗ್ಗೆ ಬರೆಯುವುದು ಕಡಿಮೆ, ಬರೆಯಬೇಕಾದದ್ದು ಬಹಳ. 1912ರಲ್ಲಿ ಮೈಸೂರಿನ ದಿವಾನರಾದ ವಿಶ್ವೇಶ್ವರಯ್ಯನವರ ಚಿತ್ರಗಳನ್ನು ನೋಡಿ. ಕುತ್ತಿಗೆಯಿಂದ ಕೆಳಗೆ ಪಾಶ್ಚಾತ್ಯ ಸೂಟು, ತಲೆಯ ಮೇಲೆ ಮೈಸೂರು ಪೇಟ. ಎಂಜಿನಿಯರುಗಳ ಸಭೆಯಲ್ಲೂ ದರ್ಬಾರಿನಲ್ಲೂ ಅವರು ಪೂರ್ತಿ ಹೊರಗಿನವರಾಗಿ ಕಾಣಲು ಸಾಧ್ಯವಿರಲಿಲ್ಲ. ಡಾ. ರಾಜ್‌ಕುಮಾರ್ ಅವರದು ಇನ್ನೊಂದು ಬಗೆ. ತೆರೆಯ ಮೇಲೆ 'ಜೇಡರ ಬಲೆ'ಯ ಸೂಟುಧಾರಿ ಪತ್ತೇದಾರ, 'ಮಯೂರ'ದ ಕಿರೀಟಧಾರಿ ಅರಸ. ತೆರೆಯಾಚೆ ಬಿಳಿ ಅಂಗಿ, ಬಿಳಿ ಪಂಚೆ. ಸಂತೆಗೆ ಬಂದ ಯಾವ ರೈತನ ಪಕ್ಕದಲ್ಲಿ ನಿಂತರೂ ಬಟ್ಟೆಯಿಂದ ಅವರನ್ನು ಬೇರ್ಪಡಿಸುವಂತಿರಲಿಲ್ಲ. ಜನ ಹೇಗಿದ್ದರೂ ತಮ್ಮನ್ನೇ ನೋಡುತ್ತಾರೆ ಎಂದು ಗೊತ್ತಿದ್ದ ಮನುಷ್ಯ ಬಟ್ಟೆಗೆ ಆ ಕೆಲಸ ಕೊಡಲಿಲ್ಲ. ವರ್ಷಗಟ್ಟಲೆ ಅದನ್ನೇ ಉಟ್ಟದ್ದರಿಂದ ಸಾವಿರಾರು ಜನ ಉಡುವ ಬಿಳಿ ಪಂಚೆಯೇ ಅವರ ಗುರುತಾಯಿತು.

ಈ ಪದೇ ಪದೇ ಉಡುವ ವಿಷಯವನ್ನು ನಾನು ಒತ್ತಿ ಹೇಳಬೇಕು. ನವೆಂಬರಿನಲ್ಲಿ ಬೆಂಗಳೂರಿನ ಕಂಪನಿಗಳು ಎಥ್ನಿಕ್ ಡೇ ಇಟ್ಟಾಗ ಇಳಕಲ್ ಸೀರೆಗಳು ಪೆಟ್ಟಿಗೆಯಿಂದ ಹೊರಬರುತ್ತವೆ, ಫೋಟೊ ಆಗುತ್ತದೆ, ಮತ್ತೆ ಒಂದು ವರ್ಷ ನಾಫ್ತಲೀನ್ ಗುಳಿಗೆಯ ವಾಸನೆಯಲ್ಲಿ ಮಲಗುತ್ತವೆ. ವರ್ಷಕ್ಕೊಮ್ಮೆ ಉಟ್ಟ ಬಟ್ಟೆ ವೇಷವಾಗಿಯೇ ಉಳಿಯುತ್ತದೆ. ಹತ್ತಿಯ ಒಡಲಿನ ಸೀರೆಯನ್ನು ಸಾಧಾರಣ ಮಂಗಳವಾರ ಉಟ್ಟು ಕಚೇರಿಗೆ ಹೋಗಿ. ಮೊದಲ ದಿನ ಎಲ್ಲರೂ ಸೀರೆ ನೋಡುತ್ತಾರೆ. ಒಂದೆರಡು ತಿಂಗಳಲ್ಲಿ ಯಾರೂ ಅದನ್ನು ಪ್ರಸ್ತಾಪಿಸುವುದಿಲ್ಲ, ಆದರೆ ದೂರದಿಂದ ಕೆಂಪು ಸೆರಗು ಕಂಡರೆ ನೀವೇ ಬಂದಿರಿ ಎಂದುಕೊಳ್ಳುತ್ತಾರೆ. ಶೈಲಿ ಎಂದು ನಾನು ಕರೆಯುವುದು ಆ ಹಂತವನ್ನು.

ಪೇಟೆಯಲ್ಲಿ ಈಗ ನಡೆದಿರುವ ಕೆಲವು ಪ್ರಯೋಗಗಳು ನನಗೆ ಹಿಡಿಸಿವೆ. ಒಡಲಿಗೆ ತಿಳಿ ಬೂದು, ಮಣ್ಣಿನ ಬಣ್ಣ, ನೀಲಿಯ ಹೊಸ ಛಾಯೆಗಳು ಬಂದಿವೆ; ಅದು ಆ ಸೀರೆಯ ಸ್ವಭಾವಕ್ಕೆ ಸರಿಯಾದ ಬೆಳವಣಿಗೆ. ಸಾದಾ ಬಿಳಿ ಶರ್ಟನ್ನೇ ರವಿಕೆಯಾಗಿಸಿ ಉಡುವ ಹುಡುಗಿಯರೂ ಚೆನ್ನಾಗಿ ಕಾಣುತ್ತಾರೆ. ಖಣದ ಬಟ್ಟೆಯಲ್ಲಿ ಗಂಡಸರ ಜಾಕೀಟು ಹೊಲಿಸುವುದೂ ಒಳ್ಳೆಯದೇ. ಆದರೆ ಸೆರಗನ್ನೇ ಒಡಲಿನ ಬಣ್ಣಕ್ಕೆ ಹೊಂದಿಸಿ ಪಿಸ್ತಾ, ಬೇಬಿ ಪಿಂಕ್ ಮಾಡಿದ ಸೀರೆಗಳನ್ನು ಕಂಡಾಗ ನನಗೆ ನೋವಾಗುತ್ತದೆ. ಊರಿನ ಪಾಲನ್ನು ತೆಗೆದುಹಾಕಿದ ಮೇಲೆ ಕೊಂಡಿ ಹಾಕುವ ಕೆಲಸಕ್ಕೆ ಕಾರಣವೇ ಉಳಿಯುವುದಿಲ್ಲ, ಆ ಕೈಗಳಿಗೆ ಕೂಲಿಯೂ ಉಳಿಯುವುದಿಲ್ಲ. ಇನ್ನು ಪಾಲಿಯೆಸ್ಟರ್ ಮೇಲೆ ತೆನೆಯ ಚಿತ್ರವನ್ನು ಅಚ್ಚೊತ್ತಿ ಇಳಕಲ್ ಎಂದು ಮಾರುವುದು ನೇರ ಮೋಸ.

ಕೊಳ್ಳಲು ಹೊರಟವರಿಗೆ ಎರಡು ಪರೀಕ್ಷೆ ಸಾಕು. ಒಡಲು ಮುಗಿದು ಸೆರಗು ಶುರುವಾಗುವ ಕಡೆ ಸೀರೆಯನ್ನು ತಿರುವಿ ಬೆರಳು ಆಡಿಸಿ, ಕೊಂಡಿಗಳ ಸಾಲು ಅಡ್ಡಗೆರೆಯಾಗಿ ಕೈಗೆ ಸಿಗಬೇಕು. ಆಮೇಲೆ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಾಸಿನ ಎಳೆಗಳಲ್ಲಿ ಒಡಲಿನ ಬಣ್ಣ ಇಣುಕಿದರೆ ಅದು ಒಂದೇ ಹಾಸಿನಲ್ಲಿ ನೇಯ್ದ ಸೀರೆ. ಹಾಸೂ ಹೊಕ್ಕೂ ಅಪ್ಪಟ ಕೆಂಪಾಗಿದ್ದರೆ ಧೈರ್ಯವಾಗಿ ಕೊಳ್ಳಿ. ಸಾಧ್ಯವಾದರೆ ಇಳಕಲ್ಲಿಗೇ ಹೋಗಿ. ಒಂದು ಸೀರೆಗೆ ಒಂದು ಹಾಸು ಆದದ್ದರಿಂದ ನಿಮಗೆ ಬೇಕಾದ ಒಡಲಿನ ಬಣ್ಣ, ಚೌಕುಳಿಯ ಅಳತೆ, ದಡಿಯ ಹೆಸರು ಹೇಳಿ ಮುಂಗಡ ಕೊಟ್ಟು ನೇಯಿಸಿಕೊಳ್ಳಬಹುದು. ತಯಾರಾದ ಸೀರೆಗಳ ಅಟ್ಟಿಯಿಂದ ಒಂದನ್ನು ಎಳೆದು ತರುವುದಕ್ಕಿಂತ ಅದು ಎಷ್ಟೋ ಮೇಲು. ಬಣ್ಣ ತೋರಿಸಲು ಮೊಬೈಲಿನ ಚಿತ್ರ ನಂಬಬೇಡಿ, ಬಟ್ಟೆಯ ಒಂದು ತುಂಡನ್ನೇ ಒಯ್ಯಿರಿ.