ಓಲೆಗರಿಯೂ ಬಿಸಿಲೂ

ಕಾಶಿಯ ಭೇಲೂಪುರ ಪಾರ್ಶ್ವನಾಥ ತೀರ್ಥಂಕರನ ಜನ್ಮಸ್ಥಳವೆಂದು ಜೈನರಿಗೆ ಪೂಜ್ಯವಾದುದು. ಅಲ್ಲಿಂದ ದಕ್ಷಿಣಕ್ಕೆ, ಹಿಂದೂ ವಿಶ್ವವಿದ್ಯಾನಿಲಯದ ಆವರಣದಲ್ಲಿ, ರಾಯ್ ಕೃಷ್ಣದಾಸರು 1920ರಲ್ಲಿ ಸ್ಥಾಪಿಸಿದ ಭಾರತ ಕಲಾಭವನವಿದೆ. ಚಿತ್ರಪಟಗಳೂ ಓಲೆಗಳೂ ಇರುವ ಇಂಥ ಸಂಗ್ರಹಾಲಯಗಳಲ್ಲಿ ಬೆಳಕು ಮಂದವಾಯಿತೆಂದು ಗೊಣಗುವ ಪ್ರೇಕ್ಷಕರು ಎಲ್ಲೆಡೆಯೂ ಉಂಟು. ಗೊಣಗಾಟ ಸಹಜವೇ ಹೊರತು ನ್ಯಾಯವಾದುದಲ್ಲ.

ಕಾಗದ, ಬಟ್ಟೆ, ಓಲೆಗಳಿಗೆ 50 ಲಕ್ಸ್ ಬೆಳಕು ಸಾಕೆಂಬುದು ತಜ್ಞರ ಮಾನದಂಡ. ಬೆಳಕಿನ ಹಾನಿ ದಿನದಿನವೂ ಕೂಡುತ್ತ ಹೋಗುತ್ತದೆ. ದೀಪವಾರಿಸಿದರೆ ಹಾನಿ ನಿಲ್ಲಬಹುದು, ಮಾಸಿದ ಬಣ್ಣ ಮರಳದು. ನೇರ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ ಇರುತ್ತದೆ. ಆದುದರಿಂದ ಒಂದು ಗಂಟೆಯ ಬಿಸಿಲು, ದಿನಕ್ಕೆ ಎಂಟು ಗಂಟೆಯಂತೆ 250 ದಿನಗಳ ಮಂದಪ್ರದರ್ಶನಕ್ಕೆ ಸಮ! ಕೊರೆದ ಅಕ್ಷರಗಳಿಗೆ ತುಂಬಿದ ಕಾಡಿಗೆ ಮಾಸುವುದಿಲ್ಲವೆಂದು ಧೈರ್ಯ ತಾಳುವವರು ಗರಿಯೇ ಪೆಡಸಾಗಿ ಮುರಿಯುವುದನ್ನು ಮರೆಯುತ್ತಾರೆ.

ತೇವದ ವಿಷಯದಲ್ಲಿ ಮಾತ್ರ ತಜ್ಞರ ಹಳೆಯ ಸೂತ್ರವನ್ನು ಕಣ್ಣುಮುಚ್ಚಿ ಒಪ್ಪಲಾಗದು. ಸಾಪೇಕ್ಷ ಆರ್ದ್ರತೆ ಸದಾ ಶೇಕಡ 50ರ ಆಸುಪಾಸಿನಲ್ಲಿರಬೇಕೆಂಬುದು ಶೀತದೇಶಗಳಲ್ಲಿ ರೂಢಿಗೆ ಬಂದ ನಿಯಮ. ವೈಶಾಖ ಜ್ಯೇಷ್ಠಗಳಲ್ಲಿ ಬಿಸಿಗಾಳಿಯೂ ಶ್ರಾವಣದಲ್ಲಿ ಜಿಡ್ಡುತೇವವೂ ಇರುವ ಕಾಶಿಯಲ್ಲಿ, ಹಗಲು ಯಂತ್ರ ನಡೆಸಿ ರಾತ್ರಿ ನಿಲ್ಲಿಸಿದರೆ ಗರಿ ಹಿಗ್ಗಿ ಕುಗ್ಗಿ ಸೀಳುವುದೇ ಫಲ. ತೇವ ಶೇಕಡ 65ನ್ನು ಮೀರಿ ಬಹುಕಾಲ ನಿಂತರೆ ಬೂಷ್ಟು ಹಿಡಿಯುತ್ತದೆ, ನಿಜ. ಆದರೆ ಅದಕ್ಕಿಂತ ಕೆಳಗೆ ಅಂಕಿಗಿಂತ ಸ್ಥಿರತೆ ಮುಖ್ಯ. 2014ರಲ್ಲಿ ಅಂತರರಾಷ್ಟ್ರೀಯ ಸಂರಕ್ಷಣ ಸಂಸ್ಥೆಗಳೂ ಶೇಕಡ 40ರಿಂದ 60ರವರೆಗಿನ ಹರವನ್ನು ಒಪ್ಪಿದವು.

ಮರದ ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತಿದ ಕಟ್ಟು ಈ ಸ್ಥಿರತೆಯನ್ನು ಯಂತ್ರವಿಲ್ಲದೆಯೇ ಬಹುಮಟ್ಟಿಗೆ ಸಾಧಿಸುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಧವಲಾ ಪ್ರತಿಗಳು ಶತಮಾನಗಳನ್ನು ಕಳೆದುವು. ದಿಗಂಬರರು ಶಾಸ್ತ್ರಗ್ರಂಥಗಳನ್ನು ಪೂಜಿಸಿ ಬಿಚ್ಚಿನೋಡುವ ಶ್ರುತಪಂಚಮಿ ಜ್ಯೇಷ್ಠ ಶುದ್ಧದಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಬರುತ್ತದೆ. ಶ್ವೇತಾಂಬರರ ಜ್ಞಾನಪಂಚಮಿ ಕಾರ್ತಿಕದಲ್ಲಿ, ಮಳೆ ಕಳೆದ ಮೇಲೆ. ಹವೆಯನ್ನೆಣಿಸಿಯೇ ತಿಥಿಗಳನ್ನು ಗೊತ್ತುಮಾಡಿದರೆನ್ನುವುದು ಸಾಹಸದ ಮಾತಾದೀತು; ಪ್ರಯೋಜನವಂತೂ ಇದೆ. ಅಂದು ಓಲೆಗಳನ್ನು ಬಿಸಿಲಿಗೆ ಹರಡುವ ರೂಢಿ ಇದ್ದೆಡೆ ಮಾತ್ರ ಅದು ನಿಲ್ಲಬೇಕು. ನೆರಳಿನ ಗಾಳಿ ಸಾಕು.

ಪರಸ್ಥಳದ ಕನ್ನಡಿಗನಿಗೆ ಕನ್ನಡ ಲಿಪಿಯ ಒಂದು ಗರಿಯನ್ನು ಕಂಡರೆ ಇಡೀ ಕಟ್ಟನ್ನೇ ನೋಡಬೇಕೆನಿಸುವುದು ಸಹಜ. ಆ ಆಸೆಗಾಗಿ ಕಟ್ಟನ್ನು ಕಿಟಕಿಯ ಬಳಿಯ ಗಾಜಿನಡಿ ವರ್ಷಗಟ್ಟಲೆ ಬಿಚ್ಚಿಡುವುದು ಅಪಚಾರ. ಮೂರು ತಿಂಗಳು ಒಂದು ಗರಿ, ಆಮೇಲೆ ಮತ್ತೊಂದು. ಉಳಿದುದನ್ನು ಛಾಯಾಪ್ರತಿಯಲ್ಲಿ ಓದಬಹುದು.