ಪ್ರತಿಕೃತಿಯ ಗುಣಮಟ್ಟ

ಅಮೂರ್ತಚಿತ್ರಗಳ ಪ್ರತಿಕೃತಿಗಳನ್ನು ಮಾರುವವರು ‘ವಸ್ತುಸಂಗ್ರಹಾಲಯದ ಗುಣಮಟ್ಟ’ವೆಂಬ ವಿಶೇಷಣವನ್ನು ಧಾರಾಳವಾಗಿ ಬಳಸುತ್ತಾರೆ. ಇದನ್ನು ಮಾಲೇವಿಚನ ‘ಕಪ್ಪು ಚೌಕ’ದ ನಿದರ್ಶನದಿಂದ ಪರೀಕ್ಷಿಸೋಣ. ಮಾಸ್ಕೋದ ತ್ರೆತ್ಯಾಕೋವ್ ಚಿತ್ರಶಾಲೆಯಲ್ಲಿರುವ 1915ರ ಮೂಲದ ಕಪ್ಪು ಇಂದು ಬಿರುಕುಬಿಟ್ಟಿದೆ. ಬಿರುಕುಗಳಲ್ಲಿ ಒಳಗಣ ವರ್ಣಗಳು ಇಣುಕುತ್ತವೆ. ಕಪ್ಪಿನಡಿಯಲ್ಲಿ ಎರಡು ವರ್ಣರಚನೆಗಳು ಅಡಗಿವೆಯೆಂದು ಅಲ್ಲಿಯ ತಜ್ಞರು 2015ರಲ್ಲಿ ಪ್ರಕಟಿಸಿದರು. ಬಿರುಕಿಲ್ಲದ ಸಮಕಪ್ಪಿನ ಅಚ್ಚು ಈ ಪೂರ್ವಚರಿತ್ರೆಯನ್ನೆಲ್ಲ ಅಳಿಸಿಬಿಡುತ್ತದೆ. ಮಾಲೇವಿಚನೇ ಇದನ್ನು ಮತ್ತೆ ಮತ್ತೆ ಬರೆದನಲ್ಲವೇ ಎಂದು ಆಕ್ಷೇಪಿಸಬಹುದು. ನಿಜ, ಆದರೆ ಅವು ಬೇರೆ ಬೇರೆ ಚಿತ್ರಗಳು. ಪ್ರತಿಕೃತಿಯನ್ನು ಕೊಳ್ಳಬಾರದೆಂಬುದು ನಮ್ಮ ವಾದವಲ್ಲ. ಮೂಲದ ವರ್ಷ, ಅಳತೆ, ಇಂದಿನ ಸ್ಥಿತಿ ಇವನ್ನು ತಿಳಿಸದ ಪ್ರತಿಕೃತಿಗೆ ಆ ವಿಶೇಷಣ ಸಲ್ಲದೆಂದಷ್ಟೇ ನಾವು ಹೇಳುತ್ತೇವೆ.